ಪ್ಯಾರಡಿಸೊ ಚಿತ್ರಮಂದಿರವೂ ನಮ್ಮೂರಿನ ಟೆಂಟೂ

ಕಳೆದ ಮಳೆಗಾಲದ ಒಂದು ಭಾನುವಾರ. ಮಾಟುಂಗಾದಲ್ಲಿ ಒಂದು ಕನ್ನಡ ಸಮಾರಂಭಕ್ಕೆಂದು ಹೊರಟಿದ್ದ ನಾವು ಮೆಗಾ ಬ್ಲಾಕಿನ ಕಾರಣದಿಂದ ಡೊಂಬಿವಲಿ ನಿಲ್ದಾಣದಿಂದಲೇ ಹಿಂದಿರುಗಬೇಕಾಯಿತು. ಮನೆಗೆ ಬಂದರೆ ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವ ನಮ್ಮ ಮಗಳು ಟೀವಿಯಲ್ಲಿ ಯಾವುದೋ ವಿದೇಶೀ ಚಿತ್ರ ನೋಡುತ್ತ ಕುಳಿತಿದ್ದಳು. ಒದ್ದೆ ಕೊಡೆಯನ್ನು ಬಾಲ್ಕನಿಯಲ್ಲಿ ಬಿಚ್ಚಿಟ್ಟು, ಚಹಾದ ಲೋಟ ಹಿಡಿದು, ಐದು ನಿಮಿಷ ನೋಡೋಣವೆಂದು ಕುಳಿತ ನಾವು ಎರಡು ಗಂಟೆ ಕದಲಲಿಲ್ಲ. ಲೋಟದಲ್ಲಿದ್ದ ಚಹಾ ಆರಿಹೋಯಿತು. ಕೊನೆಯಲ್ಲಿ ನಮ್ಮ ಮನೆಯವರು ಅಡಿಗೆಮನೆಯಿಂದ ಬಂದು, 'ಇದೇನು, ಅಪ್ಪ ಮಗಳು ಇಬ್ಬರೂ ಕಣ್ಣೊರೆಸಿಕೊಳ್ಳುತ್ತಿದ್ದೀರಿ?' ಎಂದು ಕೇಳಿದಾಗಲೇ ನಮಗೆ ಎಚ್ಚರವಾದದ್ದು.

ಆ ಚಿತ್ರದ ಹೆಸರು 'ಸಿನೆಮಾ ಪ್ಯಾರಡಿಸೊ'. ಇಟಲಿಯ ಜ್ಯುಸೆಪ್ಪೆ ಟೊರ್ನಾಟೊರೆ ಎಂಬ ನಿರ್ದೇಶಕರು 1988ರಲ್ಲಿ ತೆಗೆದದ್ದು. ಹಳೆಯ ಚಿತ್ರವೇ, ನಮ್ಮ ಬಳಗದಲ್ಲಿ ಅನೇಕರು ನೋಡಿರಬಹುದು. ಆದರೆ ಚಿತ್ರ ಮುಗಿದ ಮೇಲೆ ಮಗಳು ಕೇಳಿದ ಒಂದು ಪ್ರಶ್ನೆಗೆ ನಮಗೆ ಒಡನೆ ಉತ್ತರ ಹೊಳೆಯಲಿಲ್ಲ. 'ಅಪ್ಪಾ, ಅಷ್ಟು ಪ್ರೀತಿಸಿದವರನ್ನು ನೋಡಲು ಅವನು ಮೂವತ್ತು ವರ್ಷ ಒಂದು ಸಲವೂ ಊರಿಗೆ ಯಾಕೆ ಹೋಗಲಿಲ್ಲ?' ಊರು ಬಿಟ್ಟು ಬಂದು ಥಾಣೆ, ಕಲ್ಯಾಣ, ಡೊಂಬಿವಲಿ, ನವಿಮುಂಬಯಿಗಳಲ್ಲಿ ನೆಲೆಸಿರುವ ನಮ್ಮಂಥವರ ಮನೆಯಲ್ಲಿ ಇದು ಬರಿಯ ಸಿನೆಮಾದ ಪ್ರಶ್ನೆಯಲ್ಲ. ಅದಕ್ಕೆ ಉತ್ತರ ಹುಡುಕುತ್ತ ಹೋದಾಗ ದೊರೆತ ಕೆಲವು ಸಂಗತಿಗಳನ್ನು ಓದುಗ ಬಂಧುಗಳೊಡನೆ ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ.

ಚಿತ್ರದ ಕಥೆ

ಸಿಸಿಲಿ ದ್ವೀಪದ ಒಂದು ಬಡ ಊರು. ಎರಡನೆಯ ಮಹಾಯುದ್ಧ ಆಗತಾನೆ ಮುಗಿದಿದೆ. ರಷ್ಯದ ರಣರಂಗಕ್ಕೆ ಹೋದ ತಂದೆ ಮರಳಿಲ್ಲ, ತಾಯಿ ಕಾಯುತ್ತಿದ್ದಾಳೆ. ತೋತೋ ಎಂಬ ಚಿಕ್ಕ ಹುಡುಗನಿಗೆ ಊರಿನ ಚೌಕದಲ್ಲಿರುವ 'ಪ್ಯಾರಡಿಸೊ' ಚಿತ್ರಮಂದಿರವೇ ಲೋಕ. ಅಲ್ಲಿಯ ಆಪರೇಟರ್ ಆಲ್ಫ್ರೆದೊ ಹೆಚ್ಚು ಓದಿದವನಲ್ಲ, ಮುಂಗೋಪಿ, ಆದರೆ ಅಂತಃಕರಣವುಳ್ಳವನು. ಮಕ್ಕಳಿಲ್ಲದ ಅವನು ತಂದೆಯಿಲ್ಲದ ಈ ಹುಡುಗನನ್ನು ಮೊದಮೊದಲು ಗದರಿಸಿ ಓಡಿಸುತ್ತಾನೆ. ಮುಂದೆ ಪ್ರಾಥಮಿಕ ಪರೀಕ್ಷೆಗೆ ಚಿಕ್ಕ ಮಕ್ಕಳ ನಡುವೆ ಬೆಂಚಿನಲ್ಲಿ ಕುಳಿತಾಗ ಉತ್ತರ ಹೊಳೆಯದೆ ತೋತೋನತ್ತ ದೀನನಾಗಿ ನೋಡುತ್ತಾನೆ. ಹುಡುಗ ಉತ್ತರ ಹೇಳಿಕೊಡುತ್ತಾನೆ. ಅದಕ್ಕೆ ಪ್ರತಿಯಾಗಿ ಯಂತ್ರ ನಡೆಸುವ ವಿದ್ಯೆಯನ್ನು ಪಡೆಯುತ್ತಾನೆ.

ಊರಿನ ಪಾದ್ರಿ ಪ್ರತಿಯೊಂದು ಚಿತ್ರವನ್ನೂ ಮೊದಲು ತಾನೊಬ್ಬನೇ ಕುಳಿತು ನೋಡುತ್ತಾನೆ. ಚುಂಬನದ ದೃಶ್ಯ ಬಂದರೆ ಕೈಗಂಟೆ ಬಾರಿಸುತ್ತಾನೆ. ಆಲ್ಫ್ರೆದೊ ಅಲ್ಲಿ ಕಾಗದದ ಗುರುತಿಟ್ಟು ಆ ಭಾಗವನ್ನು ಕತ್ತರಿಸಬೇಕು. ಒಂದು ರಾತ್ರಿ ಒಳಗೆ ಜಾಗ ಸಾಲದೆ ಹೊರಗೆ ಉಳಿದವರು ಗಲಾಟೆ ಮಾಡಿದಾಗ ಆಲ್ಫ್ರೆದೊ ಗಾಜಿನ ಫಲಕ ತಿರುಗಿಸಿ ಎದುರಿನ ಮನೆಯ ಗೋಡೆಯ ಮೇಲೆ ಚಿತ್ರ ಮೂಡಿಸುತ್ತಾನೆ. ಚೌಕದಲ್ಲಿ ಜನರಿಗೆ ಹಬ್ಬವಾಗುತ್ತದೆ. ಆ ಸಂಭ್ರಮದ ನಡುವೆಯೇ ಫಿಲ್ಮಿಗೆ ಬೆಂಕಿ ಹತ್ತಿ ಆಲ್ಫ್ರೆದೊ ಕಣ್ಣು ಕಳೆದುಕೊಳ್ಳುತ್ತಾನೆ. ಅವನನ್ನು ಎಳೆದು ಉಳಿಸಿದವನು ತೋತೋ. ಮಂದಿರ ಮತ್ತೆ ಎದ್ದು ನಿಂತಾಗ ಆಪರೇಟರನ ಕುರ್ಚಿಯೂ ಅವನದೇ ಆಗುತ್ತದೆ.

ಹುಡುಗ ಯುವಕನಾದ ಮೇಲೆ ಕುರುಡ ಗುರು ಅವನನ್ನು ಊರಿನಿಂದ ಓಡಿಸುತ್ತಾನೆ. 'ಹೋಗು, ಹಿಂದಿರುಗಬೇಡ, ಕಾಗದವನ್ನೂ ಬರೆಯಬೇಡ, ನಮ್ಮ ನೆನಪಿಗೆ ಸೋಲಬೇಡ' ಎಂಬುದು ಅವನ ಮಾತಿನ ತಾತ್ಪರ್ಯ. ತೋತೋ ರೋಮಿಗೆ ಹೋಗಿ ಹೆಸರಾಂತ ನಿರ್ದೇಶಕನಾಗುತ್ತಾನೆ. ಮೂವತ್ತು ವರ್ಷಗಳ ನಂತರ ಆಲ್ಫ್ರೆದೊ ಸತ್ತ ಸುದ್ದಿ ತಿಳಿದು ಶವಸಂಸ್ಕಾರಕ್ಕೆ ಊರಿಗೆ ಬರುತ್ತಾನೆ. ಮುಚ್ಚಿಹೋಗಿದ್ದ ಪ್ಯಾರಡಿಸೊವನ್ನು, ಕಾರು ನಿಲ್ಲಿಸಲು ಜಾಗ ಬೇಕೆಂದು, ಅವನ ಕಣ್ಣೆದುರಿಗೇ ಕೆಡವುತ್ತಾರೆ. ಗುರು ಅವನಿಗಾಗಿ ಒಂದು ಫಿಲ್ಮ್ ಸುರುಳಿ ಬಿಟ್ಟುಹೋಗಿದ್ದಾನೆ. ಅದರಲ್ಲಿ ಏನಿದೆಯೆಂಬುದನ್ನು ನೋಡದವರಿಗಾಗಿ ಇಲ್ಲಿ ಹೇಳುವುದಿಲ್ಲ. ಗಂಟೆ ಬಾರಿಸಿದ ಪಾದ್ರಿಯನ್ನು ಮರೆಯಬೇಡಿ ಎಂದಷ್ಟೇ ಹೇಳುತ್ತೇವೆ.

ಆಲ್ಫ್ರೆದೊನ ಪಾತ್ರದಲ್ಲಿ ಫ್ರಾನ್ಸಿನ ಫಿಲಿಪ್ ನ್ವಾರೆ ಅವರ ನಟನೆಯೂ ಎನ್ನಿಯೊ ಮೊರಿಕೋನೆ ಅವರ ಸಂಗೀತವೂ ಬಹುಕಾಲ ನೆನಪಿನಲ್ಲಿ ಉಳಿಯುವಂಥವು. ಕೊನೆಯ ಭಾಗದಲ್ಲಿ ಕಣ್ಣೀರನ್ನು ತುಸು ಹೆಚ್ಚಾಗಿಯೇ ಬೇಡುತ್ತದೆ ಎಂಬ ಆಕ್ಷೇಪವನ್ನು ನಾವೂ ಒಪ್ಪುತ್ತೇವೆ. ಒಂದು ಸ್ವಾರಸ್ಯ: ಕತ್ತರಿಯ ಕಥೆ ಹೇಳುವ ಈ ಚಿತ್ರವೇ ಕತ್ತರಿಗೆ ಸಿಕ್ಕಿತು. ಮೊದಲು ಸುಮಾರು ಎರಡೂವರೆ ಗಂಟೆಯ ಚಿತ್ರವಾಗಿ ಇಟಲಿಯಲ್ಲಿ ಬಿಡುಗಡೆಯಾದಾಗ ಸೋತಿತು. ಅರ್ಧ ಗಂಟೆಯಷ್ಟು ಕಡಿಮೆ ಮಾಡಿದ ಮೇಲೆ 1989ರಲ್ಲಿ ಕಾನ್ ಉತ್ಸವದ ವಿಶೇಷ ಬಹುಮಾನವನ್ನೂ 1990ರಲ್ಲಿ ಅತ್ಯುತ್ತಮ ವಿದೇಶೀ ಭಾಷಾ ಚಿತ್ರವೆಂದು ಆಸ್ಕರ್ ಪ್ರಶಸ್ತಿಯನ್ನೂ ಪಡೆಯಿತು.

ನಮ್ಮೂರಿನ ಟೆಂಟು

ನಮ್ಮ ಊರು ತುಮಕೂರು ಜಿಲ್ಲೆಯ ತುರುವೇಕೆರೆಯ ಕಡೆ. 1980ರ ದಶಕದ ಕೊನೆಯ ಮಾತು. ಸುಗ್ಗಿ ಮುಗಿದು ಗದ್ದೆ ಬಯಲಾದ ಮೇಲೆ ಊರ ಹೊರಗೆ ಟೆಂಟು ಏಳುತ್ತಿತ್ತು. ಮುಂಗಾರು ಹತ್ತಿರವಾದಾಗ ಕಟ್ಟಿಕೊಂಡು ಹೋಗುತ್ತಿತ್ತು. ಹಗಲು ಎತ್ತಿನ ಗಾಡಿಗೆ ಪೋಸ್ಟರ್ ಕಟ್ಟಿ, ಮೈಕಿನಲ್ಲಿ ಕೂಗುತ್ತ, ಬಣ್ಣದ ಕಾಗದದ ನೋಟೀಸು ಹಂಚುತ್ತಿದ್ದರು. ಸಂಜೆ ಧ್ವನಿವರ್ಧಕದಲ್ಲಿ ಘಂಟಸಾಲ ಅವರು ಹಾಡಿದ ವೆಂಕಟೇಶನ ಭಕ್ತಿಗೀತೆ ಕೇಳಿಸಿತೆಂದರೆ ಟಿಕೆಟ್ಟು ಕೊಡಲು ಶುರುಮಾಡಿದರೆಂದು ಅರ್ಥ. ನೆಲ, ಬೆಂಚು, ಕುರ್ಚಿ ಎಂದು ಮೂರು ದರ್ಜೆ. ನೆಲದವರು ಮರಳು ಗುಡ್ಡೆ ಮಾಡಿಕೊಂಡು ಅದರ ಮೇಲೆ ಕೂರುತ್ತಿದ್ದರು. ಹಿಂದಿನವರು 'ತಲೆ ತಗ್ಸೋ' ಎಂದು ಕೂಗುತ್ತಿದ್ದರು. ಒಂದೇ ಯಂತ್ರ ಇದ್ದುದರಿಂದ ಪ್ರತಿ ರೀಲು ಬದಲಾಯಿಸುವಾಗಲೂ ದೀಪ ಹತ್ತುತ್ತಿತ್ತು. ಕಡಲೆಕಾಯಿಯವನಿಗೆ ಅದೇ ವ್ಯಾಪಾರದ ಹೊತ್ತು.

ಆ ಟೆಂಟಿನ ಆಪರೇಟರನ್ನು ನಾವು ಹುಡುಗರು 'ಮಾಮ' ಎನ್ನುತ್ತಿದ್ದೆವು. ಬೆಳಕಿಗೆ ವಿದ್ಯುತ್ ಬಲ್ಬು ಇರಲಿಲ್ಲ. ಎರಡು ಕಾರ್ಬನ್ ಕಡ್ಡಿಗಳ ತುದಿಗಳನ್ನು ಹತ್ತಿರ ತಂದು ಅವುಗಳ ನಡುವೆ ಹಾರುವ ಕಿಡಿಯಿಂದಲೇ ಬೆಳಕು. ಕಡ್ಡಿ ಉರಿದು ಸವೆದಂತೆಲ್ಲ ಅಂತರ ಹೆಚ್ಚುತ್ತದೆ, ಪರದೆ ಮಂಕಾಗುತ್ತದೆ. ಆದ್ದರಿಂದ ಮಾಮ ಇಡೀ ಚಿತ್ರ ಮುಗಿಯುವ ತನಕ ಕಪ್ಪು ಗಾಜಿನ ಕಿಂಡಿಯಲ್ಲಿ ಕಡ್ಡಿಯನ್ನೇ ನೋಡುತ್ತಿದ್ದರು. ಚಿತ್ರ ನೋಡುತ್ತಿದ್ದವರು ನಾವು. ಉಳಿದ ಕಾರ್ಬನ್ ತುಂಡುಗಳ ಮೇಲೆ ತಾಮ್ರದ ಲೇಪವಿರುತ್ತಿತ್ತು. ಅವುಗಳಿಗಾಗಿ, ಹರಿದ ಫಿಲ್ಮ್ ತುಂಡುಗಳಿಗಾಗಿ ನಾವು ಬೆಳಿಗ್ಗೆ ಎದ್ದು ಟೆಂಟಿನ ಹಿಂದೆ ಹುಡುಕುತ್ತಿದ್ದೆವು. ಕೆಟ್ಟ ಬಲ್ಬಿನ ಬುಡ ಒಡೆದು, ನೀರು ತುಂಬಿ, ಕನ್ನಡಿಯಿಂದ ಬಿಸಿಲು ಹಾಯಿಸಿ, ನಡುವೆ ಫಿಲ್ಮ್ ಹಿಡಿದರೆ ಕೋಣೆಯ ಗೋಡೆಯ ಮೇಲೆ ರಾಜಕುಮಾರ್ ತಲೆಕೆಳಗಾಗಿ ನಿಲ್ಲುತ್ತಿದ್ದರು. ಯಾಕೆ ತಲೆಕೆಳಗು ಎಂದು ಕೇಳಿದ್ದಕ್ಕೆ ಮಾಮ ಫಿಲ್ಮನ್ನು ತಿರುಗಿಸಿ ಹಿಡಿದು ತೋರಿಸಿ, 'ಯಾಕೆ ಅನ್ನೋದು ನಂಗೊತ್ತಿಲ್ಲ ಕಣಪ್ಪ, ನೀನು ಓದಿ ನಂಗೆ ಹೇಳು' ಎಂದರು. ನಾವು ಬಿ.ಎಸ್ಸಿ.ಗೆ ಭೌತಶಾಸ್ತ್ರ ತೆಗೆದುಕೊಳ್ಳಲು ಆ ಮಾತೂ ಒಂದು ಕಾರಣ.

ಆ ತರಗತಿಗಳಲ್ಲಿ ಕಲಿತ ಒಂದು ಲೆಕ್ಕ ಹೇಳುತ್ತೇವೆ. ಮಾತಿನ ಚಿತ್ರ ಸೆಕೆಂಡಿಗೆ 24 ಚೌಕಟ್ಟುಗಳಂತೆ ಓಡುತ್ತದೆ. 35 ಮಿಲಿಮೀಟರ್ ಫಿಲ್ಮಿನಲ್ಲಿ ಅಡಿಗೆ 16 ಚೌಕಟ್ಟು. ಅಂದರೆ ನಿಮಿಷಕ್ಕೆ 90 ಅಡಿ, ಸಾವಿರ ಅಡಿಯ ಒಂದು ರೀಲಿಗೆ ಸುಮಾರು ಹನ್ನೊಂದು ನಿಮಿಷ. ಒಂದು ಚೌಕಟ್ಟು ಸರಿದು ಮತ್ತೊಂದು ಬರುವಾಗ ಯಂತ್ರದ ಮುಚ್ಚಳ ಬೆಳಕನ್ನು ತಡೆಯುತ್ತದೆ. ಮಿನುಗು ಕಾಣದಿರಲೆಂದು ನಡುವೆ ಇನ್ನೊಮ್ಮೆಯೂ ತಡೆಯುತ್ತದೆ. ಹೀಗಾಗಿ ಮೂರು ಗಂಟೆಯ ಚಿತ್ರದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಹೊತ್ತು ಪರದೆ ಕತ್ತಲಾಗಿಯೇ ಇರುತ್ತದೆ. ಈ ಸಂಗತಿಯನ್ನು ನಾವು ಮಾಮನಿಗೆ ಹೇಳಿದಾಗ ಅವರು ಬಹಳ ಹೊತ್ತು ನಕ್ಕು, 'ಹಂಗಾದ್ರೆ ಅರ್ಧ ದುಡ್ಡು ವಾಪಸ್ ಕೊಡಬೇಕಾಯ್ತದೆ, ಯಾರಿಗೂ ಹೇಳಬೇಡ' ಎಂದರು.

ಪದವಿ ಮುಗಿದ ಮೇಲೆ ಊರಿನಲ್ಲಿ ತೆಂಗಿನ ತೋಟ ನೋಡಿಕೊಂಡು ಇರುವ ಮನಸ್ಸು ನಮಗಿತ್ತು. ಅಷ್ಟರಲ್ಲಿ ಟೆಂಟಿನ ವ್ಯಾಪಾರ ಇಳಿದಿತ್ತು. 'ಪರೀಕ್ಷೆ ಕಟ್ಟು, ಎಲ್ಲಿಗಾದ್ರೂ ಹೋಗು. ನನ್ ಹಂಗೆ ಡಬ್ಬದೊಳಗೆ ಕೂತ್ಕೋಬೇಡ' ಎಂದು ಬೈದು ಅರ್ಜಿ ಹಾಕಿಸಿದವರು ಅವರೇ. ಕೇಂದ್ರ ಸರಕಾರದ ಗುಮಾಸ್ತಗಿರಿ ಸಿಕ್ಕಿ ಮುಂಬಯಿಗೆ ಬಂದೆವು. ಬಾಡಿಗೆಗೆ ಹೆದರಿ ಡೊಂಬಿವಲಿ ಸೇರಿದೆವು. ಆಲ್ಫ್ರೆದೊನ ಮಾತು ಕೇಳಿ ನಮ್ಮ ಎದೆ ಯಾಕೆ ಜಗ್ಗಿತೆಂದು ಇನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸಂಚಾರಿ ಚಿತ್ರಗಳು ಬಂದ ದಾರಿ

ಟೆಂಟು ಸಿನೆಮಾ ನಮ್ಮ ಹಳ್ಳಿಗಳಿಗೆ ಬಂದದ್ದು ಹೇಗೆ? ಅದರ ಮೂಲ ನಾವು ನಿತ್ಯ ಓಡಾಡುವ ಈ ಮುಂಬಯಿಯಲ್ಲಿಯೇ ಇದೆ. 1896ರ ಜುಲೈ 7ರಂದು ಕೋಟೆ ಪ್ರದೇಶದ ವಾಟ್ಸನ್ ಹೊಟೇಲಿನಲ್ಲಿ ಫ್ರಾನ್ಸಿನ ಲ್ಯೂಮಿಯೇರ್ ಸಹೋದರರ ಕಿರುಚಿತ್ರಗಳನ್ನು ತೋರಿಸಲಾಯಿತು. ಭಾರತದಲ್ಲಿ ನಡೆದ ಮೊದಲ ಚಲಚ್ಚಿತ್ರ ಪ್ರದರ್ಶನವೆಂದು ಅದನ್ನು ಎಣಿಸುತ್ತಾರೆ. ಅಂದು ತೋರಿಸಿದ ಚಿತ್ರಗಳಲ್ಲಿ ರೈಲು ನಿಲ್ದಾಣಕ್ಕೆ ಬರುವುದು ಒಂದಾದರೆ, ಗೋಡೆಯೊಂದನ್ನು ಕೆಡವುವುದು ಇನ್ನೊಂದು. ಬೋರಿಬಂದರಿನಿಂದ ಥಾಣೆಗೆ ರೈಲು ಓಡಿ ಆಗಲೇ 43 ವರ್ಷಗಳಾಗಿದ್ದುದರಿಂದ ಮುಂಬಯಿ ಜನರಿಗೆ ರೈಲು ಹೊಸದಲ್ಲ. ಗೋಡೆಯ ಮೇಲೆ ಬರುವ ರೈಲು ಹೊಸದು.

ಊರಿಂದೂರಿಗೆ ಯಂತ್ರ ಹೊತ್ತು ತಿರುಗಿದವರಲ್ಲಿ ನಮ್ಮಂಥ ನೌಕರಸ್ಥರಿಗೆ ಪ್ರಿಯರಾಗಬೇಕಾದವರು ಸ್ವಾಮಿಕಣ್ಣು ವಿನ್ಸೆಂಟ್. ತಿರುಚಿನಾಪಳ್ಳಿಯಲ್ಲಿ ರೈಲ್ವೆ ನೌಕರರಾಗಿದ್ದ ಅವರು 1905ರಲ್ಲಿ ಫ್ರೆಂಚ್ ಪ್ರದರ್ಶಕನೊಬ್ಬನಿಂದ ಯಂತ್ರವನ್ನೂ ಫಿಲ್ಮುಗಳನ್ನೂ ಕೊಂಡು, ಕೆಲಸ ಬಿಟ್ಟು, ಟೆಂಟು ಹೂಡಿ ಪ್ರದರ್ಶನ ನೀಡುತ್ತ ಸಂಚರಿಸಿದರು. 1913ರ ಮೇ 3ರಂದು ಗಿರಗಾಂವದ ಕಾರೋನೇಶನ್ ಮಂದಿರದಲ್ಲಿ ದಾದಾಸಾಹೇಬ ಫಾಲ್ಕೆಯವರ 'ರಾಜಾ ಹರಿಶ್ಚಂದ್ರ' ತೆರೆಕಂಡ ಮೇಲೆ ಟೆಂಟುಗಳಿಗೆ ನಮ್ಮ ದೇಶದ ಕಥೆಗಳೇ ಸಿಗತೊಡಗಿದವು.

ಕನ್ನಡದ ಮೊದಲ ವಾಕ್ಚಿತ್ರಕ್ಕೂ ಮಹಾರಾಷ್ಟ್ರಕ್ಕೂ ಇರುವ ನಂಟನ್ನು ಇಲ್ಲಿ ಸ್ಮರಿಸಬಹುದು. ವೈ. ವಿ. ರಾವ್ ನಿರ್ದೇಶಿಸಿದ 'ಸತಿ ಸುಲೋಚನ' ಚಿತ್ರೀಕರಣವಾದದ್ದು ಕೊಲ್ಹಾಪುರದ ಛತ್ರಪತಿ ಸಿನೆಟೋನ್ ಸ್ಟುಡಿಯೋದಲ್ಲಿ. ರಾವಣನಾಗಿ ಆರ್. ನಾಗೇಂದ್ರರಾಯರು, ಇಂದ್ರಜಿತುವಾಗಿ ಸುಬ್ಬಯ್ಯನಾಯ್ಡು, ಸುಲೋಚನೆಯಾಗಿ ತ್ರಿಪುರಾಂಬ. ನಾಟಕರಂಗದ ಮಂದಿ ರೈಲು ಹತ್ತಿ ಕೊಲ್ಹಾಪುರಕ್ಕೆ ಬಂದು, ಮರಾಠಿ ನೆಲದಲ್ಲಿ ಕನ್ನಡ ಮಾತಾಡಿ, ಊರಿಗೆ ಕೊಂಡೊಯ್ದ ಚಿತ್ರ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ಬಿಡುಗಡೆಯಾಯಿತು. ಮರಾಠಿ ನೆಲದಲ್ಲಿ ಕನ್ನಡ ಉಳಿಸಿಕೊಳ್ಳಲು ಹೆಣಗುವ ನಾವು ಅಭಿಮಾನದಿಂದ ಹೇಳಿಕೊಳ್ಳಬಹುದಾದ ಸಂಗತಿಯಿದು.

ಕಳಿಸಿದವರು, ಮರಳಿದವರು

ಈಗ ಮಗಳ ಪ್ರಶ್ನೆಗೆ ಬರೋಣ. ಶಿಷ್ಯನನ್ನು ಕಳಿಸುವ ಗುರು 'ಹಿಂದಿರುಗಬೇಡ' ಎನ್ನಲೇಬೇಕೆ? ನಮ್ಮ ನಾಡಿನ ಎರಡು ಉದಾಹರಣೆಗಳು ಬೇರೆ ಉತ್ತರ ಹೇಳುತ್ತವೆ.

ಮೊದಲನೆಯದು ನಮ್ಮ ಜಿಲ್ಲೆಯದೇ. ಗುಬ್ಬಿ ಕಂಪನಿಯ ವೀರಣ್ಣನವರು (1891-1972) ನಾಟಕದವರೆಂದು ಪ್ರಸಿದ್ಧರು. ಚಲಚ್ಚಿತ್ರಕ್ಕೂ ಅವರ ಕೈ ಆಶ್ರಯ ಕೊಟ್ಟಿತು. 1954ರ 'ಬೇಡರ ಕಣ್ಣಪ್ಪ'ದಿಂದ ಕನ್ನಡಿಗರ ಮನೆಮಾತಾದ ರಾಜಕುಮಾರ್ ಅವರೂ, ಅವರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರೂ ಆ ಕಂಪನಿಯಲ್ಲಿ ಬಣ್ಣ ಹಚ್ಚಿದವರು. ಅದೇ ಕಂಪನಿಗೆ ದಕ್ಷಿಣ ಕನ್ನಡದ ಮಂಚಿ ಗ್ರಾಮದಿಂದ ಮನೆ ಬಿಟ್ಟು ಓಡಿಬಂದ ಹುಡುಗ ಬಿ. ವಿ. ಕಾರಂತ. ಚುರುಕಾದ ಹುಡುಗ, ಒಳ್ಳೆಯ ಕಂಠ, ಕಂಪನಿಗೆ ಬೇಕಾದವನು. ಕಂಪನಿಯ ಯಜಮಾನ ತನ್ನ ಲಾಭ ನೋಡಿದ್ದರೆ ಆ ಹುಡುಗನನ್ನು ರಂಗದ ಮೇಲೆಯೇ ಇಟ್ಟುಕೊಳ್ಳಬೇಕಿತ್ತು. ವೀರಣ್ಣನವರು ಅವನನ್ನು ಓದಲೆಂದು ಕಾಶಿಗೆ ಕಳಿಸಿದರು. ಕಾರಂತರು ಅಲ್ಲಿ ಹಿಂದಿಯಲ್ಲಿ ಎಂ.ಎ. ಮಾಡಿ, ಪಂಡಿತ ಓಂಕಾರನಾಥ ಠಾಕೂರರಲ್ಲಿ ಸಂಗೀತ ಕಲಿತು, ದಿಲ್ಲಿಯ ರಾಷ್ಟ್ರೀಯ ನಾಟಕಶಾಲೆಯಲ್ಲಿ ತರಬೇತಿ ಪಡೆದು, 1977ರಲ್ಲಿ ಅದೇ ಶಾಲೆಯ ನಿರ್ದೇಶಕರಾದರು.

ಆದರೆ ಅವರು ತೋತೋನಂತೆ ಮೂವತ್ತು ವರ್ಷ ದೂರ ನಿಲ್ಲಲಿಲ್ಲ. ಶಿವರಾಮ ಕಾರಂತರ ಕಾದಂಬರಿಯನ್ನು ಆಧರಿಸಿ ಅವರು ನಿರ್ದೇಶಿಸಿದ 'ಚೋಮನ ದುಡಿ' 1975ರಲ್ಲಿ ತಯಾರಾಗಿ ರಾಷ್ಟ್ರದ ಅತ್ಯುತ್ತಮ ಚಿತ್ರಕ್ಕಿರುವ ಸ್ವರ್ಣಕಮಲ ಪಡೆಯಿತು. ತಮ್ಮ ಹುಟ್ಟೂರಿನ ಕಡೆಯ ಬದುಕನ್ನೇ ಅವರು ದೇಶಕ್ಕೆ ತೋರಿಸಿದರು. 1989ರಲ್ಲಿ ಮೈಸೂರಿನ 'ರಂಗಾಯಣ'ದ ಮೊದಲ ನಿರ್ದೇಶಕರಾಗಿ ಬಂದು, ತಾವು ಹೊರಗೆ ಕಲಿತದ್ದನ್ನು ಇಲ್ಲಿಯ ತರುಣರಿಗೆ ಕೊಟ್ಟರು.

ಎರಡನೆಯದು ಶಿವಮೊಗ್ಗ ಜಿಲ್ಲೆಯ ಸಾಗರದ ಬಳಿಯ ಹೆಗ್ಗೋಡು. ಕೆ. ವಿ. ಸುಬ್ಬಣ್ಣನವರು (1932-2005) ಮೈಸೂರಿನಲ್ಲಿ ಕುವೆಂಪು ಅವರಂಥ ಗುರುಗಳ ಕಾಲದಲ್ಲಿ ಓದಿ, ಪೇಟೆಯ ನೌಕರಿಗೆ ಹೋಗದೆ ಅಡಿಕೆ ತೋಟದ ಊರಿಗೆ ಮರಳಿದರು. 1949ರಲ್ಲಿ ಹುಟ್ಟಿದ್ದ ನೀಲಕಂಠೇಶ್ವರ ನಾಟ್ಯ ಸೇವಾ ಸಂಘ, ಅಂದರೆ ನೀನಾಸಂ, 1973ರಲ್ಲಿ 'ಚಿತ್ರಸಮಾಜ'ವನ್ನು ಆರಂಭಿಸಿತು. ಮಹಾನಗರಗಳ ಫಿಲ್ಮ್ ಸೊಸೈಟಿಗಳಲ್ಲಿ ಮಾತ್ರ ಕಾಣಸಿಗುತ್ತಿದ್ದ 'ಪಥೇರ್ ಪಾಂಚಾಲಿ', ಇಟಲಿಯ 'ಬೈಸಿಕಲ್ ಥೀವ್ಸ್', ಜಪಾನಿನ 'ರಾಶೋಮನ್' ಮುಂತಾದವು ಅಲ್ಲಿ ಅಡಿಕೆ ಬೆಳೆಗಾರರ, ಕೂಲಿಕಾರರ ಎದುರು ಓಡಿದವು. 1980ರ ದಶಕದಲ್ಲಿ 'ಜನಸ್ಪಂದನ' ಯೋಜನೆಯ ಮೂಲಕ ಇಂಥ ಚಿತ್ರಗಳು ಇನ್ನೂ ಅನೇಕ ಹಳ್ಳಿಗಳಿಗೆ ಹೋದವು. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಆ ಚಿತ್ರಗಳ ಪ್ರತಿಗಳು ಎಲ್ಲಿಂದ ಬಂದವು? ಪುಣೆಯಿಂದ. 1964ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಫಿಲ್ಮ್ ಸಂಗ್ರಹಾಲಯವನ್ನು ಕಟ್ಟಿ ಬೆಳೆಸಿದ ಪಿ. ಕೆ. ನಾಯರ್ (1933-2016) ಅವರು ಸಂಗ್ರಹದ ಪೆಟ್ಟಿಗೆಗಳನ್ನು ಬೀಗ ಹಾಕಿ ಇಡುವ ಅಧಿಕಾರಿಯಾಗಿರಲಿಲ್ಲ. ಹೆಗ್ಗೋಡಿನಂಥ ಹಳ್ಳಿಗೂ ಚಿತ್ರ ಹೋಗಬೇಕೆಂದು ಬಯಸಿದವರು. ಅವರ ಬಗ್ಗೆ ಶಿವೇಂದ್ರ ಸಿಂಗ್ ಡುಂಗರ್‌ಪುರ್ ತೆಗೆದ 'ಸೆಲ್ಯುಲಾಯ್ಡ್ ಮ್ಯಾನ್' (2012) ಎಂಬ ಸಾಕ್ಷ್ಯಚಿತ್ರದಲ್ಲಿ ಹೆಗ್ಗೋಡಿನ ಹಿರಿಯರು ಆ ಚಿತ್ರಗಳನ್ನು ತಮ್ಮ ಊರಿನ ಸಂಗತಿಯೆಂಬಂತೆ ನೆನೆಯುವುದನ್ನು ಕಾಣಬಹುದು. ಸರಕಾರಿ ನೌಕರನೊಬ್ಬ ತನ್ನ ಮೇಜಿನಿಂದಲೇ ಎಷ್ಟು ದೂರದ ಊರಿಗೆ ಬೆಳಕು ಮುಟ್ಟಿಸಬಹುದೆಂಬುದಕ್ಕೆ ನಾಯರ್ ಅವರೇ ಸಾಕ್ಷಿ. ಕಡತಗಳ ನಡುವೆ ದಿನ ಕಳೆಯುವ ನಮಗೆ ಇದು ದೊಡ್ಡ ಸಮಾಧಾನ, ಸ್ವಲ್ಪ ನಾಚಿಕೆಯೂ ಹೌದು.

ಉಳಿದದ್ದು, ಉಳಿಯದ್ದು

ಪ್ಯಾರಡಿಸೊದ ಬೆಂಕಿ ಕಥೆಗಾಗಿ ಕಟ್ಟಿದ ಬೆಂಕಿಯಲ್ಲ. 1950ರ ದಶಕದ ಆರಂಭದವರೆಗೆ ಫಿಲ್ಮುಗಳನ್ನು ಸೆಲ್ಯುಲೋಸ್ ನೈಟ್ರೇಟಿನಿಂದ ಮಾಡುತ್ತಿದ್ದರು. ಅದು ಸಿಡಿಮದ್ದಿನ ದಾಯಾದಿ. ಉರಿಯಲು ಬೇಕಾದ ಆಮ್ಲಜನಕ ಅದರೊಳಗೇ ಇರುವುದರಿಂದ ನೀರಿನಲ್ಲಿ ಮುಳುಗಿಸಿದರೂ ಆರುವುದಿಲ್ಲ. ನಮ್ಮ ಟೆಂಟಿನ ಕಾಲಕ್ಕೆ ಬೆಂಕಿ ಹತ್ತದ ಫಿಲ್ಮು ಬಂದಿತ್ತು. ಯಂತ್ರದಲ್ಲಿ ಸಿಕ್ಕಿಕೊಂಡರೆ ಪರದೆಯ ಮೇಲೆ ಕಂದು ಬಣ್ಣದ ತೂತು ಅರಳುತ್ತಿತ್ತು, ಜನ ಶಿಳ್ಳೆ ಹಾಕುತ್ತಿದ್ದರು, ಅಷ್ಟೆ. ಆದರೆ ಹಳೆಯದು ಹಳೆಯದೇ. 2003ರ ಜನವರಿಯಲ್ಲಿ ಪುಣೆಯಲ್ಲಿ ಸಂಗ್ರಹಾಲಯದ ನೈಟ್ರೇಟ್ ಫಿಲ್ಮುಗಳಿದ್ದ ಉಗ್ರಾಣಕ್ಕೆ ಬೆಂಕಿ ಬಿದ್ದು ಸಾವಿರಾರು ಸುರುಳಿಗಳು ಬೂದಿಯಾದವು.

ಬೆಂಕಿಗಿಂತ ಹೆಚ್ಚು ಹಾಳುಮಾಡಿದ್ದು ಅಸಡ್ಡೆ. ಓಡಿ ಮುಗಿದ ಪ್ರತಿಗಳಿಂದ ಬೆಳ್ಳಿ ತೆಗೆಯುವುದಕ್ಕಾಗಿಯೇ ಎಷ್ಟೋ ಚಿತ್ರಗಳನ್ನು ಕರಗಿಸಿಬಿಟ್ಟರು. ಭಾರತದ ಮೊದಲ ವಾಕ್ಚಿತ್ರ 'ಆಲಂ ಆರಾ' (1931) ಇಂದು ಯಾರಿಗೂ ನೋಡಸಿಗುವುದಿಲ್ಲ. ನಮ್ಮ 'ಸತಿ ಸುಲೋಚನ'ದ ಪ್ರತಿಯೂ ಉಳಿದಿಲ್ಲ. ಕನ್ನಡದ ಮೊದಲ ವಾಕ್ಚಿತ್ರದಲ್ಲಿ ರಾವಣ ಹೇಗೆ ಗುಡುಗಿದನೆಂದು ಕೇಳಿದವರು ಒಬ್ಬೊಬ್ಬರಾಗಿ ಕಾಲವಾದರು. ಕತ್ತರಿಸಿದ ತುಂಡುಗಳನ್ನೂ ಎಸೆಯದೆ ಡಬ್ಬದಲ್ಲಿಟ್ಟ ಒಬ್ಬ ಆಲ್ಫ್ರೆದೊ ನಮಗೆ ಅಂದು ಬೇಕಾಗಿತ್ತು.

ಪಾದ್ರಿಯ ಗಂಟೆ ನಮ್ಮಲ್ಲಿಯೂ ಬಾರಿಸಿದೆ. ಅನಂತಮೂರ್ತಿಯವರ ಕಾದಂಬರಿಯಿಂದ ಪಟ್ಟಾಭಿರಾಮ ರೆಡ್ಡಿಯವರು ತೆಗೆದ 'ಸಂಸ್ಕಾರ'ಕ್ಕೆ (1970) ಮದರಾಸಿನ ಸೆನ್ಸಾರ್ ಮಂಡಳಿ ಮೊದಲು ಅನುಮತಿ ನಿರಾಕರಿಸಿತ್ತು. ಆಮೇಲೆ ಅನುಮತಿ ದೊರೆತು, ಅದೇ ಚಿತ್ರ ಸ್ವರ್ಣಕಮಲ ಪಡೆಯಿತು.

ಕಟ್ಟಡಗಳ ಹಣೆಬರಹವೂ ಇಷ್ಟೇ. ಬೆಂಗಳೂರಿನಲ್ಲಿ ಬಸ್ಸಿಳಿಯುವವರೆಲ್ಲ 'ಮೆಜೆಸ್ಟಿಕ್' ಎನ್ನುತ್ತಾರೆ. ಆ ಹೆಸರಿನ ಚಿತ್ರಮಂದಿರ ಇಲ್ಲವಾಗಿದೆ, ಹೆಸರು ಮಾತ್ರ ಲಕ್ಷಾಂತರ ಜನರ ಬಾಯಲ್ಲಿದೆ. ನಮ್ಮ ಥಾಣೆಯಲ್ಲಿಯೂ 'ವಂದನಾ' ಎಂದರೆ ಎಸ್.ಟಿ. ಬಸ್ಸು ಹತ್ತುವ ನಿಲ್ದಾಣ. ಆ ಹೆಸರು ಚಿತ್ರಮಂದಿರದಿಂದ ಬಂದದ್ದೆಂದು ಬಸ್ಸಿಗೆ ಓಡುವವರಲ್ಲಿ ಎಷ್ಟು ಜನ ನೆನೆಯುತ್ತಾರೆ? ಡೊಂಬಿವಲಿಯ ಹಳಬರು ತಿಲಕ, ಗೋಪಿ, ಪೂಜಾ, ಮಧುಬನ ಎಂದು ಹೆಸರು ಹೇಳುತ್ತ ಯಾವ ವರ್ಷ ಎಲ್ಲಿ ಯಾವ ಚಿತ್ರ ನೋಡಿದೆವೆಂದು ವಾದಿಸುವುದನ್ನು ಕೇಳುವುದೇ ಒಂದು ಸೊಗಸು.

ನಮ್ಮ ಪಾಲಿನ ಪರದೆ

ಮುಂಬಯಿ ಕನ್ನಡಿಗರಿಗೆ ಊರಿನ ಸಿನೆಮಾ ಸುಲಭವಾಗಿ ಸಿಕ್ಕಿದ್ದಲ್ಲ. ದಕ್ಷಿಣದ ಭಾಷೆಗಳ ಚಿತ್ರಗಳಿಗೆ ಹೆಸರಾಗಿದ್ದ ಕಿಂಗ್ ಸರ್ಕಲಿನ ಅರೋರಾ ಚಿತ್ರಮಂದಿರಕ್ಕೆ ಹೋಗಿ ಬಂದ ಕಥೆಯನ್ನು ಹಿರಿಯರು ಜಾತ್ರೆಗೆ ಹೋದಂತೆ ಹೇಳುತ್ತಾರೆ. ಮುಂದೆ 1980ರ ದಶಕದಲ್ಲಿ ದೂರದರ್ಶನ ಭಾನುವಾರ ಮಧ್ಯಾಹ್ನ ಪ್ರಾದೇಶಿಕ ಭಾಷೆಯ ಚಿತ್ರ ತೋರಿಸತೊಡಗಿದಾಗ, ಕನ್ನಡದ ಸರದಿ ಬಂದ ವಾರ ಒಂದು ಕಟ್ಟಡದ ಕನ್ನಡಿಗರೆಲ್ಲ ಟೀವಿ ಇದ್ದ ಮನೆಯಲ್ಲಿ ಸೇರುತ್ತಿದ್ದರಂತೆ. ಅಂದಿನ ಆ ಹದಿನೈದು ಅಡಿಯ ಕೋಣೆಯೇ ಅವರ ಟೆಂಟು.

ಈಗ ಕೈಯಲ್ಲಿರುವ ಫೋನಿನಲ್ಲಿಯೇ ಎಲ್ಲವೂ ಸಿಗುತ್ತದೆ. 2022ರಲ್ಲಿ 'ಕಾಂತಾರ' ಬಂದಾಗ ಇಡೀ ದೇಶ ನೋಡಿತು, ನಮಗೆಲ್ಲ ಹೆಮ್ಮೆಯಾಯಿತು. ಆದರೆ ನಮ್ಮ ಮಗಳು ಗೆಳತಿಯರೊಡನೆ ಅದನ್ನು ನೋಡಿದ್ದು ಹಿಂದಿಯಲ್ಲಿ. 'ಕನ್ನಡದ್ದು ಅರ್ಥ ಆಗ್ತದೆ ಅಪ್ಪಾ, ಆದರೆ ಪೂರ್ತಿ ಆಗಲ್ಲ' ಎಂದಳು. ತಪ್ಪು ಅವಳದಲ್ಲ. ಬೆಳಿಗ್ಗೆ ಏಳರ ಗಾಡಿ ಹಿಡಿದು ರಾತ್ರಿ ಎಂಟಕ್ಕೆ ಬರುವ ನಾವು ಅವಳ ಪಕ್ಕದಲ್ಲಿ ಕುಳಿತು ಒಂದು ಕನ್ನಡ ಚಿತ್ರವನ್ನು ಪೂರ್ತಿಯಾಗಿ ನೋಡಿದ್ದು ಎಷ್ಟು ಸಲ? ತೋತೋನ ಭಾಗ್ಯ ಪರದೆಯಲ್ಲಿರಲಿಲ್ಲ. ಪಕ್ಕದಲ್ಲಿ ಕುಳಿತು ಹೇಳಿಕೊಟ್ಟವನಲ್ಲಿತ್ತು.

ಇಲ್ಲಿ ಒಂದು ತಪ್ಪೊಪ್ಪಿಗೆ. ಟೆಂಟಿನ ಮಾಮ ತೀರಿಕೊಂಡದ್ದು ಕೆಲವು ವರ್ಷಗಳ ಹಿಂದೆ, ಒಂದು ಮಾರ್ಚ್ ತಿಂಗಳ ಕೊನೆಯ ವಾರ. ವರ್ಷಾಂತ್ಯದ ಲೆಕ್ಕಪತ್ರದ ಕಾಲ. ರಜೆ ಕೊಡುವುದಿಲ್ಲವೆಂದು ಯಾರೂ ಹೇಳಲಿಲ್ಲ, ನಾವೇ ಕೇಳಲಿಲ್ಲ. ಮೇ ತಿಂಗಳಲ್ಲಿ ಮಕ್ಕಳ ರಜೆಗೆ ಊರಿಗೆ ಹೋದಾಗ ಅವರ ಮನೆಗೆ ಹೋದೆವು. ಅವರ ಹೆಂಡತಿ ಒಳಗಿನಿಂದ ಒಂದು ಹಳೆಯ ಬಿಸ್ಕತ್ತಿನ ಡಬ್ಬ ತಂದುಕೊಟ್ಟು, 'ನಿನಗೆ ಕೊಡು ಅಂದಿದ್ರಪ್ಪ' ಎಂದರು. ಒಳಗೆ ನಾಲ್ಕು ಕಾರ್ಬನ್ ತುಂಡು, ಒಂದು ಹಿಡಿ ಫಿಲ್ಮ್ ತುಂಡು. ಟೆಂಟಿದ್ದ ಬಯಲಿನಲ್ಲಿ ಈಗ ಕೊಬ್ಬರಿ ಗೋದಾಮಿದೆ. ಪ್ಯಾರಡಿಸೊದ ಕೊನೆಯ ದೃಶ್ಯ ನಮ್ಮನ್ನು ಯಾಕೆ ಅಲ್ಲಾಡಿಸಿತೆಂಬುದಕ್ಕೆ ಇದು ಕಾರಣ.

ಮಗಳಿಗೆ ನಾವು ಕೊಟ್ಟ ಉತ್ತರ ಇಷ್ಟು. ತೋತೋ ಹೋಗದೆ ಇದ್ದುದಕ್ಕೆ ಗುರುವಿನ ಆಜ್ಞೆ ಅರ್ಧ ಕಾರಣ. ಉಳಿದರ್ಧ ಅವನದೇ ಸೋಮಾರಿತನವೂ ಭಯವೂ. ಆಲ್ಫ್ರೆದೊ 'ಹೋಗು' ಎಂದದ್ದು ಸರಿ. 'ಬರಬೇಡ' ಎಂದದ್ದು ಸರಿಯಲ್ಲ. ಕಾರಂತರು ಹೋಗಿ ಮರಳಿದರು. ಸುಬ್ಬಣ್ಣನವರು ಊರಿನಲ್ಲಿ 'ನಿಂತು' ಲೋಕವನ್ನು ಅಲ್ಲಿಗೆ ಕರೆಸಿಕೊಂಡರು. ನಮಗೆ ಎರಡೂ ಆಗಲಿಲ್ಲ; ಗೃಹಸಾಲವಿದೆ, ನೌಕರಿಯಿದೆ, ನಾವಿನ್ನು ಇಲ್ಲಿಯವರೇ. ಆದರೆ ಡಬ್ಬ ನಮ್ಮ ಕೈಯಲ್ಲಿದೆ. ಅದನ್ನು ತೆರೆದು ಮುಂದಿನವರಿಗೆ ತೋರಿಸುವ ಕೆಲಸಕ್ಕೆ ಊರಿಗೇ ಹೋಗಬೇಕೆಂದಿಲ್ಲ.

ಆದ್ದರಿಂದ ನಮ್ಮ ಬಳಗದ ಮುಂದೆ ಒಂದು ಚಿಕ್ಕ ಸೂಚನೆ. ತಿಂಗಳಿಗೊಂದು ಭಾನುವಾರ ಸಂಜೆ ಸಂಘದ ಸಭಾಗೃಹದಲ್ಲಿ ಮಕ್ಕಳಿಗಾಗಿ ಒಂದು ಕನ್ನಡ ಚಿತ್ರ ತೋರಿಸೋಣ. 'ಚೋಮನ ದುಡಿ'ಯಿಂದಲೇ ಆರಂಭಿಸಬಹುದು. ಪ್ರತಿ ಮಗುವಿನ ಪಕ್ಕದಲ್ಲಿ ಒಬ್ಬ ಹಿರಿಯರು ಕೂರಲಿ. ಅರ್ಥವಾಗದ ಮಾತನ್ನು ಕಿವಿಯಲ್ಲಿ ಹೇಳಲಿ. ಅಡ್ಡಿಯಾಗುತ್ತದೆಂದು ಯಾರೂ ಸಿಡುಕುವುದು ಬೇಡ. ನಮ್ಮ ಟೆಂಟುಗಳಲ್ಲಿ ಯಾರು ಸುಮ್ಮನಿದ್ದರು? ಹಿರಿಯರು ತಾವು ಮೊದಲ ಚಿತ್ರ ನೋಡಿದ ಊರು, ವರ್ಷ, ಟಿಕೆಟ್ಟಿನ ದರ, ಆಪರೇಟರನ ನೆನಪು ಇವನ್ನು ಒಂದು ಪುಟದಲ್ಲಿ ಬರೆದುಕೊಟ್ಟರೆ ಇದೇ ಪತ್ರಿಕೆಯಲ್ಲಿ ಪ್ರಕಟಿಸಬಹುದು. 'ಸತಿ ಸುಲೋಚನ'ದಂತೆ ಅವೂ ಕೈತಪ್ಪಿ ಹೋಗುವುದು ಬೇಡ.

ಮೊನ್ನೆ ಬಿಸಿಲು ಬಂದ ದಿನ ನಮ್ಮ ಬಾಲ್ಕನಿಯಲ್ಲಿ ಕನ್ನಡಿ ಹಿಡಿದು, ನೀರು ತುಂಬಿದ ಬಲ್ಬಿನ ಮುಂದೆ ಆ ಡಬ್ಬದ ಒಂದು ತುಂಡನ್ನು ಇಟ್ಟು ಮಗಳಿಗೆ ತೋರಿಸಿದೆವು. ಗೋಡೆಯ ಮೇಲೆ ಚಿತ್ರ ಮೂಡಿತು. 'ಅಪ್ಪಾ, ತಲೆಕೆಳಗೆ ಯಾಕೆ?' ಎಂದಳು. ಈ ಸಲ ಉತ್ತರ ಗೊತ್ತಿತ್ತು. ಹೇಳಲು ಕುಳಿತೆವು.